ರೋಬೋ ಮೋವರ್ ಬ್ಯಾಟರಿ ನಾಲ್ಕೇ ವರ್ಷಕ್ಕೆ ಸೊರಗಿದೆ: ಬದಲಿಸಬೇಕೇ, ಕಾಯಬೇಕೇ?

ಪ್ರಶ್ನೆ: ಸರ್, ನಮಸ್ಕಾರ. ನಾವು ಮೈಸೂರಿನವರು, ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಒಂದು ಹಳ್ಳಿಯಲ್ಲಿದ್ದೇವೆ. ಮನೆ ಹಿಂದೆ ಸುಮಾರು 400 ಚದರ ಮೀಟರ್ ಲಾನ್ ಇದೆ, ಒಂದು ಕಡೆ ಸ್ವಲ್ಪ ಇಳಿಜಾರು. ಹುಲ್ಲು ಕತ್ತರಿಸುವ ರೋಬೋ ತಗೊಂಡು ಇದು ನಾಲ್ಕನೇ ಸೀಸನ್. ಮೊದಲೆಲ್ಲ ಒಂದು ಚಾರ್ಜಿಗೆ 65 ನಿಮಿಷ ಓಡುತ್ತಿತ್ತು. ಈ ಆಗಸ್ಟಿನಿಂದ 30–35 ನಿಮಿಷಕ್ಕೇ ವಾಪಸ್ ಬಂದು ನಿಲ್ಲುತ್ತೆ. ಭಾನುವಾರ ಬಿಟ್ಟು ದಿನಾ ಬೆಳಗ್ಗೆ 8ರಿಂದ ಸಂಜೆ 6ರ ತನಕ ಸೆಟ್ ಮಾಡಿದ್ದೇವೆ. ಪಕ್ಕದ ಮನೆಯ ಹಿರಿಯರು, "ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಿ, ಚಳಿಗಾಲಕ್ಕೆ ಸೊನ್ನೆ ಮಾಡಿಡಿ" ಅಂತಾರೆ. ತೀರ್ಥಹಳ್ಳಿಯಲ್ಲಿರೋ ನಮ್ಮ ಮಾವನವರು ತೋಟದ ಸಸಿಗಳಿಗೆ ಔಷಧಿ ಹೊಡೆಯೋಕೆ ಬ್ಯಾಟರಿ ಸ್ಪ್ರೇಯರ್ ಇಟ್ಟುಕೊಂಡಿದ್ದಾರೆ. ಅವರು "ಯಾವಾಗ್ಲೂ ಫುಲ್ ಚಾರ್ಜಲ್ಲೇ ಇಡಬೇಕಮ್ಮ" ಅಂತಾರೆ. ಯಾರ ಮಾತು ಕೇಳೋದು? ಡಿಸೆಂಬರಿನಲ್ಲಿ ಆರು ವಾರ ಊರಿಗೆ ಬರ್ತಿದ್ದೇವೆ. ಇಲ್ಲಿ ಶೆಡ್‌ನಲ್ಲಿ ಮೈನಸ್ 10 ಡಿಗ್ರಿ ಆಗುತ್ತೆ, ನೆಲಮಾಳಿಗೆಯಲ್ಲಿ ಇಡೋಣ ಅಂದ್ರೆ ಬೆಂಕಿ ಭಯ. ಕಂಪನಿಯ ಬ್ಯಾಟರಿ ದುಬಾರಿ, ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುತ್ತೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಳಗಿನ ಸೆಲ್ ಮಾತ್ರ ಬದಲಿಸಿ ಕೊಡ್ತಾರೆ ಅಂತ ನನ್ನ ತಮ್ಮ ಹೇಳ್ತಾನೆ. ಸೂಟ್‌ಕೇಸಿನಲ್ಲಿ ತರಬಹುದಾ? ಪ್ಯಾಕ್ ಮೇಲೆ 18.5 ವೋಲ್ಟ್, 5 ಆಂಪಿಯರ್-ಅವರ್ ಅಂತ ಇದೆ.

ಉತ್ತರ: ನಮಸ್ಕಾರ. ಪ್ಯಾಕ್ ಮೇಲಿನ ಅಂಕಿಗಳನ್ನೂ ಓಡಿಸುವ ವೇಳೆಯನ್ನೂ ಬರೆದು ಒಳ್ಳೆಯದು ಮಾಡಿದಿರಿ, ಅರ್ಧ ಉತ್ತರ ಅದರಲ್ಲೇ ಇದೆ. ಮೊದಲೇ ಹೇಳಿಬಿಡುತ್ತೇನೆ: ಈಗ, ಸೀಸನ್ ಮುಗಿಯುವ ಹೊತ್ತಿಗೆ, ಹೊಸ ಬ್ಯಾಟರಿ ಕೊಳ್ಳಬೇಡಿ. ಕೊಳ್ಳಲೇಬೇಕಾದರೆ ಮಾರ್ಚಿನಲ್ಲಿ ಕೊಳ್ಳಿ. ಅಷ್ಟರೊಳಗೆ ಮಾಡಬೇಕಾದ ಕೆಲಸಗಳಿವೆ, ಅವನ್ನು ಮಾಡಿದ ಮೇಲೆ ಮಾರ್ಚಿನಲ್ಲೂ ಬೇಡ ಅನ್ನಿಸಬಹುದು.

ಓಡುವ ಸಮಯ ಅರ್ಧಕ್ಕೆ ಇಳಿಯಿತು ಎಂದಾಕ್ಷಣ ಎಲ್ಲರೂ ಬ್ಯಾಟರಿಯನ್ನೇ ದೂರುತ್ತಾರೆ. ರಿಪೇರಿಗೆ ಬಂದ ಯಂತ್ರವನ್ನು ನಾನು ಮೊದಲು ಮಗುಚಿ ಹಾಕಿ ನೋಡುತ್ತೇನೆ. ಕೆಳಗಿನ ತಟ್ಟೆಗೆ ಸಿಕ್ಕಿಸಿದ ಮೂರು ಪುಟ್ಟ ಬ್ಲೇಡುಗಳು ಮೊಂಡಾಗಿ ಅಂಚು ದುಂಡಗಾಗಿದ್ದರೆ ಮೋಟಾರು ಹುಲ್ಲನ್ನು ಕತ್ತರಿಸುವ ಬದಲು ಹರಿಯುತ್ತಿರುತ್ತದೆ, ಅದಕ್ಕೆ ಹೆಚ್ಚು ಕರೆಂಟು ಬೇಕು. ತಟ್ಟೆಯ ಸುತ್ತ ಒದ್ದೆ ಹುಲ್ಲು ಮೆತ್ತಿ ಒಣಗಿ ರೊಟ್ಟಿಯಂತೆ ಗಟ್ಟಿಯಾಗಿರುತ್ತದೆ. ಮುಂದಿನ ಪುಟ್ಟ ಚಕ್ರದ ಅಚ್ಚಿಗೆ ಹುಲ್ಲಿನ ನಾರು ಸುತ್ತಿಕೊಂಡು ಚಕ್ರ ಉರುಳದೆ ಉಜ್ಜಿಕೊಂಡು ಹೋಗುತ್ತಿರುತ್ತದೆ. ಇವೆಲ್ಲ ಸೇರಿದರೆ ಗಟ್ಟಿಮುಟ್ಟಾದ ಬ್ಯಾಟರಿಯೂ ಬೇಗ ಸೋಲುತ್ತದೆ.

ಆಮೇಲೆ ಚಾರ್ಜಿಂಗ್ ಸ್ಟೇಷನ್ನಿನ ಎರಡು ಲೋಹದ ಪಟ್ಟಿಗಳನ್ನು, ಯಂತ್ರದ ಮೂತಿಯಲ್ಲಿರುವ ಜೋಡಿ ಪಟ್ಟಿಗಳನ್ನು ನೋಡಿ. ನಾಲ್ಕು ಮಳೆಗಾಲ ಕಂಡ ಪಟ್ಟಿಯ ಮೇಲೆ ಕಂದು ಅಥವಾ ಹಸಿರು ಪದರ ಕಟ್ಟಿರುತ್ತದೆ. ಬೆರಳಾಡಿಸಿದರೆ ತರಿತರಿ ಎನ್ನುತ್ತದೆ. ಅಲ್ಲಿ ಸಂಪರ್ಕ ಸಡಿಲವಾದರೆ ಚಾರ್ಜು ನಡುನಡುವೆ ಕಡಿದುಹೋಗುತ್ತದೆ, ಯಂತ್ರ ಅರೆಹೊಟ್ಟೆಯಲ್ಲೇ ಕೆಲಸಕ್ಕೆ ಹೊರಡುತ್ತದೆ. ಪ್ಲಗ್ ಕಿತ್ತು, ನಯವಾದ ಸ್ಯಾಂಡ್‌ಪೇಪರಿನಿಂದ ಲೋಹ ಮಿನುಗುವ ತನಕ ಉಜ್ಜಿ, ಬಟ್ಟೆಯಿಂದ ಒರೆಸಿ.

ಹೊಸ ಬ್ಲೇಡು ಹಾಕಿ, ತಳ ಶುಚಿ ಮಾಡಿ, ಪಟ್ಟಿ ಉಜ್ಜಿದ ಮೇಲೆ ಒಂದು ಪರೀಕ್ಷೆ ಮಾಡಿ. ಮಳೆಯಿಲ್ಲದ, 15–20 ಡಿಗ್ರಿಯ ದಿನ ಪೂರ್ತಿ ಚಾರ್ಜ್ ಆಗಲು ಬಿಟ್ಟು, ಸಮತಟ್ಟಾದ ಭಾಗದಲ್ಲಿ ಓಡಿಸಿ ನಿಮಿಷ ಎಣಿಸಿ. 50 ದಾಟಿದರೆ ಬ್ಯಾಟರಿ ಇನ್ನೂ ಚೆನ್ನಾಗಿದೆ. 35ರಲ್ಲೇ ನಿಂತರೆ ಬ್ಯಾಟರಿಗೇ ವಯಸ್ಸಾಗಿದೆ. ಸಮತಟ್ಟಿನಲ್ಲಿ ಸರಿಯಾಗಿ ಓಡಿ ಇಳಿಜಾರು ಹತ್ತುವಾಗ ಮಾತ್ರ ಬಿಟ್ಟು ಬರುತ್ತಿದ್ದರೆ ಅದಕ್ಕೆ ಬೇರೆ ಅರ್ಥವಿದೆ: ಸೆಲ್ಲುಗಳ ಒಳಗಿನ ತಡೆ ಹೆಚ್ಚಾಗಿದೆ. ಏರು ಹತ್ತುವಾಗ ಕರೆಂಟು ಜಾಸ್ತಿ ಎಳೆದ ಕೂಡಲೇ ವೋಲ್ಟೇಜು ಕುಸಿಯುತ್ತದೆ, ಯಂತ್ರ ಅದನ್ನೇ "ಖಾಲಿಯಾಯಿತು" ಎಂದು ಓದಿಕೊಂಡು ಮನೆಗೆ ತಿರುಗುತ್ತದೆ. ಒಳಗೆ ಚಾರ್ಜು ಉಳಿದಿರುತ್ತದೆ, ಹೊರಗೆ ಬರಲಾರದು.

ಇನ್ನು ಬ್ಯಾಟರಿಗೆ ವಯಸ್ಸಾಗುವುದು ಹೇಗೆ ಎಂಬ ಮಾತು. ನಿಮ್ಮ ಪ್ಯಾಕಿನೊಳಗೆ ಐದು ಜೋಡಿ ಲಿಥಿಯಂ-ಅಯಾನ್ ಸೆಲ್ಲುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಬೆಸೆದಿರುತ್ತಾರೆ. ಒಂದೊಂದು ಜೋಡಿಯೂ ಒಂದು ಸೆಲ್ಲಿನಷ್ಟೇ, ಸುಮಾರು 3.7 ವೋಲ್ಟ್, ಐದು ಜೋಡಿ ಸೇರಿ 18.5. ಪೂರ್ತಿ ತುಂಬಿದಾಗ ಜೋಡಿಗೆ 4.2ರಂತೆ ಒಟ್ಟು 21 ವೋಲ್ಟ್. ಇದು ಎರಡು ದಾರಿಯಲ್ಲಿ ಸವೆಯುತ್ತದೆ. ತುಂಬಿಸಿ ಖಾಲಿ ಮಾಡುವ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಸವೆಯುವುದು ಎಲ್ಲರಿಗೂ ಗೊತ್ತಿರುವ ದಾರಿ. ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಸುಮ್ಮನೆ ನಿಂತಿದ್ದರೂ ಸೆಲ್ಲಿನೊಳಗೆ ಋಣ ಧ್ರುವದ ಗ್ರಾಫೈಟಿನ ಮೇಲೆ ಒಂದು ಪೊರೆ ನಿಧಾನವಾಗಿ ದಪ್ಪವಾಗುತ್ತ ಹೋಗುತ್ತದೆ. ಆ ಪೊರೆ ಬೆಳೆಯಲು ಬಳಕೆಯಾದ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಸೆಲ್ಲು ಎಷ್ಟು ತುಂಬಿದೆ, ಎಷ್ಟು ಬಿಸಿಯಾಗಿದೆ ಎಂಬುದರ ಮೇಲೆ ಈ ಬೆಳವಣಿಗೆಯ ವೇಗ ನಿಂತಿದೆ. ನಮ್ಮ ಕ್ಷೇತ್ರದಲ್ಲಿ ಬಳಸುವ ಅಂದಾಜಿನಂತೆ, 25 ಡಿಗ್ರಿಯಲ್ಲಿ 40% ಚಾರ್ಜಿನಲ್ಲಿ ಒಂದು ವರ್ಷ ಇಟ್ಟ ಸೆಲ್ಲು ತನ್ನ ಸಾಮರ್ಥ್ಯದಲ್ಲಿ 4% ಆಸುಪಾಸು ಕಳೆದುಕೊಂಡರೆ, ಪೂರ್ತಿ ತುಂಬಿಸಿ ಇಟ್ಟದ್ದು 20%ರಷ್ಟು ಕಳೆದುಕೊಳ್ಳುತ್ತದೆ. ಪೂರ್ತಿ ತುಂಬಿಸಿ 40 ಡಿಗ್ರಿಯಲ್ಲಿ ಇಟ್ಟರೆ 35%. ಒಂದು ಎಲೆ ಹುಲ್ಲನ್ನೂ ಕತ್ತರಿಸದೆ ಇಷ್ಟು ನಷ್ಟ. ಹಾಗಾಗಿ ರೋಬೋ ಓಡುವ ಗಂಟೆಗಳಷ್ಟೇ ಅದು ನಿಂತಿರುವ ಗಂಟೆಗಳ ಬಗ್ಗೆಯೂ ಯೋಚಿಸಿ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ.

ನಿಮ್ಮ ವೇಳಾಪಟ್ಟಿಯ ಲೆಕ್ಕ ಹಾಕೋಣ. 65 ನಿಮಿಷ ಓಟ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಚಾರ್ಜು ಎಂದುಕೊಂಡರೆ ಹತ್ತು ಗಂಟೆಗೆ ನಾಲ್ಕೂವರೆ ಸುತ್ತು. ವಾರಕ್ಕೆ ಆರು ದಿನ, ಏಪ್ರಿಲಿನಿಂದ ಅಕ್ಟೋಬರ್ ತನಕ 180 ದಿನ. ಸೀಸನ್ನಿಗೆ ಸುಮಾರು 800 ಸುತ್ತು, ಇಲ್ಲಿಯವರೆಗೆ ಎರಡೂವರೆ ಸಾವಿರದ ಮೇಲೆ. ಈ ಬಗೆಯ ಸೆಲ್ಲುಗಳಿಗೆ ಸಾಮಾನ್ಯವಾಗಿ ಹೇಳುವ ಆಯಸ್ಸು 500ರಿಂದ 1000 ಪೂರ್ಣ ಸುತ್ತು. ರೋಬೋ ಪೂರ್ತಿ ಖಾಲಿಯಾಗುವ ಮುಂಚೆಯೇ ವಾಪಸ್ ಬರುವುದರಿಂದ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತವೆ. ನಿಮ್ಮ ಬ್ಯಾಟರಿ ಕೆಟ್ಟ ಮಾಲು ಎಂದು ನನಗೆ ಅನ್ನಿಸುವುದಿಲ್ಲ. ಅದು ಸಾಕಷ್ಟು ದುಡಿದಿದೆ.

400 ಚದರ ಮೀಟರಿಗೆ ದಿನಕ್ಕೆ ಹತ್ತು ಗಂಟೆ ಬೇಕೇ ಬೇಕೆ? ಇಷ್ಟು ವಿಸ್ತೀರ್ಣಕ್ಕೆ ಇಷ್ಟು ಗಂಟೆ ಎಂಬ ಪಟ್ಟಿ ಯಂತ್ರದ ಕೈಪಿಡಿಯಲ್ಲಿ ಸಾಮಾನ್ಯವಾಗಿ ಇರುತ್ತದೆ, ತೆಗೆದು ನೋಡಿ. ಮೇ ತಿಂಗಳಲ್ಲಿ ಹುಲ್ಲು ಭರದಿಂದ ಬೆಳೆಯುವಾಗ ಬೇಕಾದ ಹೊತ್ತು ಜುಲೈ, ಆಗಸ್ಟಿನ ಒಣ ದಿನಗಳಲ್ಲಿ ಬೇಕಾಗುವುದಿಲ್ಲ. ನಾನಾದರೆ ಬೆಳಗ್ಗೆ 8ರಿಂದ 11, ಸಂಜೆ 4ರಿಂದ 6 ಎಂದು ಇಟ್ಟು ಎರಡು ವಾರ ಲಾನ್ ಹೇಗಿರುತ್ತದೆ ನೋಡುತ್ತೇನೆ. ಮಧ್ಯಾಹ್ನದ ಬಿಸಿಲಿನಲ್ಲಿ ಓಡುವುದೂ ತಪ್ಪುತ್ತದೆ, ಚಾರ್ಜಾಗುವುದೂ ತಪ್ಪುತ್ತದೆ. ಸೆಲ್ಲು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡುವುದು ಅದಕ್ಕೆ ಒಳ್ಳೆಯದಲ್ಲ, ಹಲವು ಯಂತ್ರಗಳು ತಾವೇ ನಿರಾಕರಿಸುತ್ತವೆ. ಓಟ ಕಡಿಮೆಯಾದರೆ ಸ್ಟೇಷನ್ನಿನಲ್ಲಿ ತುಂಬಿ ನಿಲ್ಲುವ ಹೊತ್ತು ಹೆಚ್ಚುತ್ತದಲ್ಲ ಎಂದು ನೀವು ಕೇಳಬಹುದು. ಹೆಚ್ಚುತ್ತದೆ ನಿಜ. ಅದಕ್ಕೇ ಸ್ಟೇಷನ್ ನೆರಳಿನಲ್ಲಿರಬೇಕು. ತಂಪಾದ ರಾತ್ರಿಯಲ್ಲಿ ತುಂಬಿ ನಿಂತರೆ ಆಗುವ ಹಾನಿ ಸ್ವಲ್ಪ. ದಕ್ಷಿಣದ ಗೋಡೆಗೆ ಒತ್ತಿ ಇಟ್ಟ ಸ್ಟೇಷನ್ನಿನಲ್ಲಿ ಜುಲೈ ಮಧ್ಯಾಹ್ನ ಕಪ್ಪು ಪ್ಲಾಸ್ಟಿಕ್ ಕಾಯುತ್ತಿರುವಾಗ ತುಂಬಿ ನಿಂತರೆ ಆಗುವ ಹಾನಿ ದೊಡ್ಡದು. ಗೋಡೆಯಿಂದ ಸರಿಸಿ, ಪೊದೆಯ ನೆರಳಿಗೆ ತನ್ನಿ, ಇಲ್ಲವೇ ಮೇಲೊಂದು ಪುಟ್ಟ ಸೂರು ಹಾಕಿ, ಗಾಳಿಯಾಡುವಂತೆ.

ತಂಪು ಎಂದು ರಾತ್ರಿ ಓಡಿಸುವುದು ಮಾತ್ರ ಬೇಡ. ಮುಳ್ಳುಹಂದಿಯ ಹಾಗೆ ಮೈಮೇಲೆ ಮುಳ್ಳಿರುವ ಅಲ್ಲಿನ ಪುಟ್ಟ ಹೆಜ್‌ಹಾಗ್‌ಗಳು ಓಡಾಡುವುದು ರಾತ್ರಿಯೇ. ಅವು ಅಪಾಯ ಕಂಡರೆ ಓಡುವುದಿಲ್ಲ, ಮುದುರಿಕೊಂಡು ಅಲ್ಲೇ ಕೂರುತ್ತವೆ, ಬ್ಲೇಡಿಗೆ ಸಿಕ್ಕಿ ಸಾಯುತ್ತವೆ. ಕಲೋನ್ ನಗರ 2024ರಲ್ಲಿ ಇದೇ ಕಾರಣಕ್ಕೆ ರಾತ್ರಿ ರೋಬೋ ಓಡಿಸುವುದನ್ನು ನಿಷೇಧಿಸಿತು. ನಿಮ್ಮ ಊರಿನಲ್ಲಿ ನಿಯಮ ಇರಲಿ ಬಿಡಲಿ, ಸಂಜೆ ಬೆಳಕಿರುವಾಗಲೇ ನಿಲ್ಲಿಸಿ.

ಈಗ ನೆರೆಮನೆಯ ಹಿರಿಯರು ಮತ್ತು ನಿಮ್ಮ ಮಾವನವರ ಮಾತು. ಇಬ್ಬರೂ ತಮ್ಮ ತಮ್ಮ ಬ್ಯಾಟರಿಗೆ ಸರಿಯಾದದ್ದನ್ನೇ ಹೇಳುತ್ತಿದ್ದಾರೆ. ಹಳೆಯ ಕಾಲದ ಡ್ರಿಲ್ಲು, ಟಾರ್ಚುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ಅರ್ಧಂಬರ್ಧ ಬಳಸಿ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅದರ ಕಸುವು ಕುಗ್ಗಿದಂತಾಗುತ್ತಿತ್ತು, ಆಗಾಗ ಪೂರ್ತಿ ಖಾಲಿ ಮಾಡಿದರೆ ಸರಿಹೋಗುತ್ತಿತ್ತು. ನೆರೆಯವರ ಅನುಭವ ಅಲ್ಲಿಯದು. ನಮ್ಮ ಕಡೆಯ ಬೆನ್ನಿಗೆ ಹಾಕುವ ಸ್ಪ್ರೇಯರುಗಳಲ್ಲಿ ಬಹುಪಾಲು ಇರುವುದು 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ. ಅದನ್ನು ಖಾಲಿ ಇಟ್ಟರೆ ಒಳಗಿನ ಸೀಸದ ಫಲಕದ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಏಳುವುದೇ ಇಲ್ಲ. ಹಾಗಾಗಿ ತುಂಬಿಸಿಯೇ ಇಡಬೇಕು, ಬಳಸದ ತಿಂಗಳಲ್ಲೂ ನಡುನಡುವೆ ಚಾರ್ಜ್ ಕೊಡಬೇಕು. ಮಾವನವರು ಹಾಗೇ ಮುಂದುವರಿಸಲಿ. ಅವರು ಮುಂದೆ ಲಿಥಿಯಂ ಸ್ಪ್ರೇಯರ್ ತಗೊಂಡರೆ ಮಾತ್ರ ಪದ್ಧತಿ ಬದಲಾಯಿಸಬೇಕು.

ಲಿಥಿಯಂ ಬ್ಯಾಟರಿಗೆ ಪೂರ್ತಿ ಖಾಲಿಯಾಗಿ ಕೂರುವುದರಷ್ಟು ಕೆಟ್ಟದ್ದು ಬೇರೊಂದಿಲ್ಲ. ರೋಬೋ "ಸೊನ್ನೆ" ಎಂದು ತೋರಿಸುವಾಗ ಸೆಲ್ಲಿನಲ್ಲಿ ಇನ್ನೂ 3 ವೋಲ್ಟ್ ಹತ್ತಿರ ಉಳಿದಿರುತ್ತದೆ, ಆ ಕ್ಷಣಕ್ಕೆ ಅಪಾಯವಿಲ್ಲ. ಆದರೆ ಪ್ಯಾಕಿನೊಳಗೆ ಕಾವಲಿಗೆ ಇರುವ ಸರ್ಕ್ಯೂಟು, ಬಿಎಂಎಸ್ ಅನ್ನುತ್ತೇವೆ, ಅದೂ ಹನಿ ಹನಿಯಾಗಿ ಕರೆಂಟು ಹೀರುತ್ತಿರುತ್ತದೆ. ನವೆಂಬರಿನಲ್ಲಿ ಸೊನ್ನೆ ಮಾಡಿಟ್ಟ ಪ್ಯಾಕು ಮಾರ್ಚಿಗೆ ಬರುವಾಗ ಸೆಲ್ಲಿಗೆ 2 ವೋಲ್ಟಿನ ಕೆಳಗೆ ಹೋಗಿರಬಹುದು. ಆಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥದ್ದನ್ನು ಮತ್ತೆ ಚಾರ್ಜಿಗೆ ಹಾಕಿದರೆ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗುವ ಸಾಧ್ಯತೆ ಇದೆ. ಯಂತ್ರ ಚಾರ್ಜ್ ಮಾಡಲು ನಿರಾಕರಿಸಿದಾಗ ಯಾರಾದರೂ ಬೇರೆ ಚಾರ್ಜರಿನಿಂದ ನೇರ ವೈರು ಕೊಟ್ಟು "ಎಬ್ಬಿಸಿ" ಕೊಡುತ್ತೇನೆ ಎಂದರೆ ಒಪ್ಪಬೇಡಿ.

ಚಳಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೈನಸ್ 10 ಡಿಗ್ರಿಯಲ್ಲಿ ಸುಮ್ಮನೆ ಇದ್ದ ಮಾತ್ರಕ್ಕೆ ಸೆಲ್ಲು ಸಾಯುವುದಿಲ್ಲ. ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಚಾರ್ಜಾಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ಒಳಗೆ ಹೋಗಿ ಕೂರಬೇಕು. ಚಳಿಯಲ್ಲಿ ಈ ಒಳಹೋಗುವಿಕೆ ತೀರಾ ನಿಧಾನ. ಒಳಗೆ ಜಾಗವಿದ್ದರೂ ಬಸ್ಸಿನ ಫುಟ್‌ಬೋರ್ಡಿನಲ್ಲೇ ಜನ ಸಿಕ್ಕಿಕೊಳ್ಳುವ ಹಾಗೆ ಲಿಥಿಯಂ ಹೊರಮೈಯಲ್ಲೇ ಲೋಹವಾಗಿ ಕೂತುಬಿಡುತ್ತದೆ. ಸಾಮರ್ಥ್ಯವೂ ಹೋಗುತ್ತದೆ, ಮುಂದೆ ಶಾರ್ಟ್ ಆಗುವ ಬೀಜವೂ ಬೀಳುತ್ತದೆ. ಅಕ್ಟೋಬರ್ ಕೊನೆಯ ಮಂಜು ಬೀಳುವ ರಾತ್ರಿಗಳಲ್ಲಿ ರೋಬೋ ಹೊರಗೆ ಸ್ಟೇಷನ್ನಿನಲ್ಲೇ ಇದ್ದರೆ ಬೆಳಗಿನ ಜಾವ ಇದೇ ಆಗಬಹುದು. ಒಳ್ಳೆಯ ಯಂತ್ರಗಳು ಉಷ್ಣತೆ ನೋಡಿ ಚಾರ್ಜು ನಿಲ್ಲಿಸುತ್ತವೆ, ಅಗ್ಗದ ಬದಲಿ ಪ್ಯಾಕು ಹಾಕಿದ ಮೇಲೆ ಆ ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಭರವಸೆ ಇರುವುದಿಲ್ಲ.

ಆದ್ದರಿಂದ ರಾತ್ರಿಯ ತಾಪ 5 ಡಿಗ್ರಿಯ ಕೆಳಗೆ ಇಳಿಯುವ ದಿನಗಳು ಬಂದ ಕೂಡಲೇ ಸೀಸನ್ ಮುಗಿಸಿ. ಯಂತ್ರವನ್ನು ಬ್ರಷ್ಷಿನಿಂದ, ಒದ್ದೆ ಬಟ್ಟೆಯಿಂದ ಶುಚಿ ಮಾಡಿ. ಜೋರು ನೀರಿನ ಪ್ರೆಷರ್ ವಾಷರ್ ಬೇಡ, ರಬ್ಬರ್ ಸೀಲ್ ದಾಟಿ ನೀರು ನುಗ್ಗುತ್ತದೆ. ಪೂರ್ತಿ ಚಾರ್ಜ್ ಮಾಡಿ, 15 ನಿಮಿಷ ಓಡಲು ಬಿಟ್ಟು ನಿಲ್ಲಿಸಿ. ಈಗ ಅದು ಹೆಚ್ಚುಕಡಿಮೆ ಅರ್ಧ ತುಂಬಿದೆ. ಮುಖ್ಯ ಸ್ವಿಚ್ ಆಫ್ ಮಾಡಿ, ಆಪ್‌ನಲ್ಲಿ "ಪಾರ್ಕ್" ಒತ್ತಿದರೆ ಸಾಲದು. ಕೆಲವು ಕಂಪನಿಗಳ ಕೈಪಿಡಿಯಲ್ಲಿ ಪೂರ್ತಿ ತುಂಬಿಸಿ ಇಡಿ ಎಂದಿರುತ್ತದೆ. ಜನ ಸ್ವಿಚ್ ಆಫ್ ಮಾಡಲು ಮರೆತರೂ ಬ್ಯಾಟರಿ ತಳ ಕಾಣದಿರಲಿ ಎಂಬ ಎಚ್ಚರಿಕೆ ಅದು. 10 ಡಿಗ್ರಿಯ ತಂಪಿನಲ್ಲಿ ನಾಲ್ಕು ತಿಂಗಳು ತುಂಬಿ ಕೂತರೆ ದೊಡ್ಡ ನಷ್ಟವಿಲ್ಲ. ಯಂತ್ರ ಇನ್ನೂ ವಾರಂಟಿಯಲ್ಲಿದ್ದರೆ ಕೈಪಿಡಿಯ ಮಾತನ್ನೇ ಪಾಲಿಸಿ; ನಿಮ್ಮದರ ಅವಧಿ ಮುಗಿದಿದ್ದರೆ ಅರ್ಧ ಚಾರ್ಜು ಉತ್ತಮ. ಊರಿನಿಂದ ವಾಪಸ್ ಹೋದ ಮೇಲೆ ಒಮ್ಮೆ ಆನ್ ಮಾಡಿ ನೋಡಿ, 30%ಗಿಂತ ಕೆಳಗಿದ್ದರೆ ಮನೆಯೊಳಗೇ ಸ್ವಲ್ಪ ಹೊತ್ತು ಚಾರ್ಜ್ ಕೊಡಿ. ಸ್ಟೇಷನ್ನಿನ ಅಡಾಪ್ಟರನ್ನೂ ಕಿತ್ತು ಒಳಗಿಡಿ.

ನೆಲಮಾಳಿಗೆಯಲ್ಲಿ ಇಡಬಹುದು, ಇಡಿ. ಚಾರ್ಜಿಗೆ ಹಾಕದ, ಅರ್ಧ ತುಂಬಿದ, ಊದಿಕೊಳ್ಳದ, ಪೆಟ್ಟು ತಿನ್ನದ ಪ್ಯಾಕಿನಿಂದ ಬೆಂಕಿಯ ಸಾಧ್ಯತೆ ತೀರಾ ಕಡಿಮೆ. ಹಾಗಿದ್ದೂ ಜಾಗ ನೋಡಿ ಇಡಿ: ಸಿಮೆಂಟ್ ನೆಲದ ಮೇಲೆ, ರಟ್ಟಿನ ಡಬ್ಬ, ಬಟ್ಟೆಗಳಿಂದ ದೂರ, ಹೀಟಿಂಗ್ ಬಾಯ್ಲರಿನ ಪಕ್ಕ ಬೇಡ, ಹೊರಗೆ ಓಡುವ ಮೆಟ್ಟಿಲಿನ ಬುಡದಲ್ಲಂತೂ ಬೇಡ. ಅಲ್ಲೊಂದು ಹೊಗೆ ಅಲಾರಂ ಹಾಕಿಸಿ. ಪ್ಯಾಕಿನ ಮುಚ್ಚಳ ಉಬ್ಬಿದ್ದರೆ, ಸಿಹಿಯಾದ ಥಿನ್ನರ್ ತರಹದ ವಾಸನೆ ಬರುತ್ತಿದ್ದರೆ, ಕೆಲಸವಿಲ್ಲದಾಗಲೂ ಬೆಚ್ಚಗಿದ್ದರೆ, ಅದು ಮನೆಯೊಳಗೆ ಬರಲೇಕೂಡದು. ಮಕ್ಕಳನ್ನು ದೂರವಿಟ್ಟು, ಹೊರಗೆ ಮರಮುಟ್ಟು ಇಲ್ಲದ ಕಡೆ ಇಟ್ಟು, ಮಾರಿದ ಅಂಗಡಿಗೆ ಫೋನ್ ಮಾಡಿ ಕೇಳಿ.

ಬದಲಿಸುವುದೇ ಆದರೆ ಯಾವ ದಾರಿ? ಬದಲಿಸದೇ ಇರುವುದೂ ಒಂದು ದಾರಿ. ಸಾಮರ್ಥ್ಯ ಅರ್ಧವಾದರೆ ಓಟವೂ ಅರ್ಧ, ಚಾರ್ಜಿನ ಹೊತ್ತೂ ಅರ್ಧ. ದಿನದ ಕೊನೆಗೆ ಕತ್ತರಿಸಿದ ಒಟ್ಟು ಹೊತ್ತು ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ, ಸ್ಟೇಷನ್ನಿಗೆ ಹೋಗಿಬರುವ ಹೊತ್ತು ಮಾತ್ರ ದಂಡ. ಲಾನ್ ಚೆನ್ನಾಗಿಯೇ ಕಾಣುತ್ತಿದ್ದರೆ ಇನ್ನೊಂದು ಸೀಸನ್ ಇದರಲ್ಲೇ ಕಳೆಯಬಹುದು. ರೋಬೋ ಸ್ಟೇಷನ್ ತಲುಪದೆ ನಡುದಾರಿಯಲ್ಲಿ ನಿಲ್ಲತೊಡಗಿದರೆ ಆಗ ಬದಲಿಸುವ ಸಮಯ ಬಂತು ಎಂದು ಲೆಕ್ಕ.

ಆಗ ನನ್ನ ಮೊದಲ ಆಯ್ಕೆ ಕಂಪನಿಯ ಪ್ಯಾಕ್. ಕೊಡುವ ಹೆಚ್ಚಿನ ದುಡ್ಡು ಹೊಂದಾಣಿಕೆಯ ಸೆಲ್ಲು, ಸರಿಯಾದ ಉಷ್ಣತೆ ಸೆನ್ಸರ್, ನೀರು ನುಗ್ಗದ ಸೀಲ್‌ಗೆ ಹೋಗುತ್ತದೆ. ಮಾರ್ಚಿನಲ್ಲಿ ಕೊಳ್ಳಿ ಎಂದದ್ದು ಇದಕ್ಕೇ: ಈಗ ಕೊಂಡರೆ ವಾರಂಟಿಯ ಐದಾರು ತಿಂಗಳು, ಸೆಲ್ಲಿನ ಒಂದಿಷ್ಟು ಆಯಸ್ಸು ಕಪಾಟಿನಲ್ಲೇ ಕಳೆದುಹೋಗುತ್ತದೆ. ಆಫರ್ ಇದೆಯೆಂದು ಎರಡು ಕೊಂಡು ಇಟ್ಟುಕೊಳ್ಳುವುದೂ ನಷ್ಟ.

ಅರ್ಧ ಬೆಲೆಯ ಪ್ಯಾಕುಗಳಲ್ಲಿ ಒಳ್ಳೆಯವೂ ಇವೆ, ಮೋಸದವೂ ಇವೆ. ಗುರುತು ಹಿಡಿಯಲು ಅಡುಗೆಮನೆಯ ತಕ್ಕಡಿ ಸಾಕು. ಇಂಥ ಪ್ಯಾಕುಗಳಲ್ಲಿ ಹೆಚ್ಚಾಗಿ ಇರುವುದು 18650 ಎಂಬ ಅಳತೆಯ, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್ಲು. ಒಳ್ಳೆಯ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ, ಅದರ ಸಾಮರ್ಥ್ಯ 2.5ರಿಂದ 3.5 ಆಂಪಿಯರ್-ಅವರ್. ನಿಮ್ಮದರಂತೆ ಐದು ಜೋಡಿಯ, ಹತ್ತು ಸೆಲ್ಲಿನ ಪ್ಯಾಕಿಗೆ ಒಂದು ಜೋಡಿಯ ಸಾಮರ್ಥ್ಯವಷ್ಟೇ ಲೆಕ್ಕ, ಹೆಚ್ಚೆಂದರೆ 7; ಅದರ ಮೇಲೆ 9 ಆಂಪಿಯರ್-ಅವರ್ ಎಂದು ಬರೆದಿದ್ದರೆ ಅದು ಸುಳ್ಳು. ಹಳೆಯ ಪ್ಯಾಕು, ಹೊಸದು ಎರಡನ್ನೂ ತೂಗಿ. ಹೊಸದು ನೂರು ಗ್ರಾಂ ಹಗುರವಿದ್ದರೆ ಹಿಂತಿರುಗಿಸಿ.

ಎಸ್‌.ಪಿ. ರೋಡಿನ ವಿಷಯ. ಅಲ್ಲಿನ ಕೆಲಸಗಾರರಲ್ಲಿ ನಿಜವಾಗಿ ಪಳಗಿದವರಿದ್ದಾರೆ, ಲ್ಯಾಪ್‌ಟಾಪಿನ ಪ್ಯಾಕು, ಎಲೆಕ್ಟ್ರಿಕ್ ಸ್ಕೂಟರಿನ ಪ್ಯಾಕು ಅಚ್ಚುಕಟ್ಟಾಗಿ ಮಾಡುತ್ತಾರೆ. ನೀವು ಬೆಂಗಳೂರಿನಲ್ಲೇ ಇದ್ದು ಅಲ್ಲೇ ಬಳಸುವ ಸಾಮಾನಾಗಿದ್ದರೆ, ಹತ್ತೂ ಸೆಲ್ಲು ಒಂದೇ ಬ್ಯಾಚಿನವು, ಸ್ಪಾಟ್ ವೆಲ್ಡಿಂಗ್ ಮಾಡಿಯೇ ಬೆಸೆಯಬೇಕು ಎಂದು ಹೇಳಿ ಮಾಡಿಸಿ ಎನ್ನುತ್ತಿದ್ದೆ. ಸೆಲ್ಲಿನ ಮೇಲೆ ನೇರ ಬೆಸುಗೆ ಕಡ್ಡಿ ಇಟ್ಟರೆ ಆ ಬಿಸಿಗೇ ಒಳಗೆ ಹಾನಿಯಾಗುತ್ತದೆ. ಸೊರಗಿದ ಒಂದೆರಡನ್ನು ಮಾತ್ರ ಬದಲಿಸುವುದೂ ಬೇಡ, ಹಳತು ಹೊಸತರ ನಡುವೆ ಹೊಂದಾಣಿಕೆ ತಪ್ಪುತ್ತದೆ.

ನಿಮಗೆ ತೊಡಕು ಇರುವುದು ವಿಮಾನದಲ್ಲಿ. 18.5 ವೋಲ್ಟನ್ನು 5ರಿಂದ ಗುಣಿಸಿದರೆ 92.5 ವಾಟ್-ಅವರ್. 100 ವಾಟ್-ಅವರ್ ಒಳಗಿನ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿ, ತುದಿಗಳಿಗೆ ಟೇಪ್ ಸುತ್ತಿ ಒಯ್ಯಲು ಅವಕಾಶವಿದೆ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡುವಂತೆಯೇ ಇಲ್ಲ. ಹಾಳಾದ, ಊದಿದ ಬ್ಯಾಟರಿಗೆ ಎಲ್ಲೂ ಅವಕಾಶವಿಲ್ಲ. ವಾಪಸ್ ತರುವ ಪ್ಯಾಕಿನ ಕಷ್ಟ ಇನ್ನೂ ಹೆಚ್ಚು. ವಿಮಾನ ಹತ್ತುವ ಲಿಥಿಯಂ ಪ್ಯಾಕು ಸಾಗಣೆಯ ಸುರಕ್ಷತಾ ಪರೀಕ್ಷೆ ಪಾಸಾದ ವಿನ್ಯಾಸದ್ದಾಗಿರಬೇಕು. ಒಳಗೆಲ್ಲ ಬದಲಾಯಿಸಿದ ಮೇಲೆ ಹೊರಗಿನ ಹಳೆಯ ಲೇಬಲ್ಲು ಆ ಮಾತಿಗೆ ಸಾಕ್ಷಿಯಾಗುವುದಿಲ್ಲ. ಮುನ್ನೂರು ಜನರ ಜತೆ ಹತ್ತು ಗಂಟೆ ಹಾರುವಾಗ ಅದು ನಿಮ್ಮ ಕೈಚೀಲದಲ್ಲಿ ಇರುವುದು ಬೇಡ. ನಿಮ್ಮ ತಮ್ಮನಿಗೂ ಹೀಗೆ ಹೇಳಿ.

ಮುಂದೆ ಹೊಸ ಯಂತ್ರ ಕೊಳ್ಳುವ ಯೋಚನೆ ಬಂದರೆ ಒಂದು ವಿಷಯ ತಿಳಿದಿರಲಿ: ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದಂತೆ, 2027ರ ಫೆಬ್ರವರಿ 18ರಿಂದ ಕೈಯಲ್ಲಿ ಹಿಡಿಯಬಹುದಾದಂಥ ಬ್ಯಾಟರಿಗಳನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು. ಹಳೆಯ ಪ್ಯಾಕನ್ನು ಕಸದ ಡಬ್ಬಕ್ಕೆ ಹಾಕಬೇಡಿ, ಕಸದ ಲಾರಿಯಲ್ಲಿ ಜಜ್ಜಿ ಹೊತ್ತಿಕೊಳ್ಳುತ್ತದೆ. ಅದರ ಕನೆಕ್ಟರಿಗೆ ಟೇಪ್ ಸುತ್ತಿ, ಅಂಥ ಬ್ಯಾಟರಿ ಮಾರುವ ಅಂಗಡಿಗೆ ಅಥವಾ ನಿಮ್ಮ ಊರಿನ ಮರುಬಳಕೆ ಕೇಂದ್ರಕ್ಕೆ ಕೊಡಿ, ಅಲ್ಲಿ ದುಡ್ಡು ಕೇಳದೆ ತೆಗೆದುಕೊಳ್ಳುತ್ತಾರೆ.